ಡಾಕ್ಟರ್ ಮರಿಯಾ ಮಾಂಟೆಸ್ಸರಿ

ಪ್ರಗತಿಪತ್ರಗಳನ್ನು ಹಂಚುವ ದಿನ ನಮ್ಮ ತರಗತಿಗಳಲ್ಲಿ ಒಂದು ಬಗೆಯ ಮೌನ ಕವಿಯುವುದುಂಟು. ಪತ್ರ ಕೈಗೆ ಬಂದೊಡನೆ ವಿದ್ಯಾರ್ಥಿಯ ಕಣ್ಣು ಮೊದಲು ತನ್ನ ಅಂಕದ ಮೇಲೆ, ಮರುಕ್ಷಣವೇ ನೆರೆಯವನ ಅಂಕದ ಮೇಲೆ ಬೀಳುತ್ತದೆ. ಉತ್ತರಪತ್ರಿಕೆಯಲ್ಲಿ ತಾನು ತಪ್ಪಿದ್ದೆಲ್ಲಿ ಎಂದು ಹುಡುಕುವವರು ವಿರಳ. ಆ ಅಂಕಗಳನ್ನು ಕೆಂಪು ಶಾಯಿಯಲ್ಲಿ ಬರೆದವರು ನಾವೇ ಆದುದರಿಂದ ಈ ದೋಷದಲ್ಲಿ ನಮಗೂ ಪಾಲುಂಟು. ಅಂಕ, ಬಹುಮಾನ, ಶಿಕ್ಷೆ ಇವು ಯಾವುವೂ ಇಲ್ಲದೆ ಮಕ್ಕಳು ಕಲಿಯಬಲ್ಲರೆಂಬುದನ್ನು ಕಣ್ಣಾರೆ ಕಂಡು ಲೋಕಕ್ಕೆ ತೋರಿಸಿಕೊಟ್ಟ ಮಹಿಳೆಯೊಬ್ಬರು ಇದೇ ಚೆನ್ನೈ ನಗರದ ಅಡಯಾರಿನಲ್ಲಿ ವಾಸವಾಗಿದ್ದರು. ನಗರದ ಎಷ್ಟೋ ಶಿಶುವಿಹಾರಗಳ ಫಲಕದ ಮೇಲೆ ಅವರ ಹೆಸರಿದೆ. ಅದು ಒಬ್ಬ ವ್ಯಕ್ತಿಯ ಹೆಸರೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರೋ!

ಮರಿಯಾ ಮಾಂಟೆಸ್ಸರಿಯವರು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದ ಕ್ಯಾರವಾಲೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಸರ್ಕಾರಿ ನೌಕರರು; ತಾಯಿ ಓದಿನಲ್ಲಿ ಬಹಳ ಆಸಕ್ತಿಯುಳ್ಳವರು. ಕೆಲವು ವರ್ಷಗಳಲ್ಲಿ ಕುಟುಂಬ ರೋಮ್ ನಗರಕ್ಕೆ ಬಂದು ನೆಲೆಸಿತು. ಹೆಣ್ಣುಮಕ್ಕಳು ಹೆಚ್ಚು ಓದಿದರೆ ಉಪಾಧ್ಯಾಯಿನಿಯಾಗಬೇಕು, ಅದಕ್ಕಿಂತ ಮೇಲೆ ಆಶಿಸಬಾರದು ಎಂಬುದು ಅಂದಿನ ನಡವಳಿಕೆ. ಮರಿಯಾ ಹುಡುಗರ ತಾಂತ್ರಿಕ ಶಾಲೆಗೆ ಸೇರಿ ಗಣಿತವನ್ನು ಕಲಿತರು. ಅನಂತರ ವೈದ್ಯಶಾಸ್ತ್ರವನ್ನೇ ಓದುವೆನೆಂದು ಹಟ ಹಿಡಿದರು. ತಂದೆಗೆ ಇದು ಸರಿಬೀಳಲಿಲ್ಲ. ತಾಯಿಯೇ ಬೆಂಬಲವಾಗಿ ನಿಂತರು. ಗಂಡಸರ ಎದುರಿಗೆ ಹೆಣ್ಣೊಬ್ಬಳು ಶವಚ್ಛೇದನ ಮಾಡುವುದು ಅಸಭ್ಯವೆಂದು ಬಗೆದ ಕಾಲವಾದ್ದರಿಂದ, ಉಳಿದವರೆಲ್ಲ ಹೊರಟುಹೋದ ಮೇಲೆ ಸಂಜೆಯ ಹೊತ್ತು ಶವಗಳ ನಡುವೆ ಅವರೊಬ್ಬರೇ ನಿಂತು ಅಭ್ಯಾಸ ಮಾಡಬೇಕಾಗಿತ್ತು. 1896ರಲ್ಲಿ ವೈದ್ಯ ಪದವಿ ದೊರೆಯಿತು. ಇಟಲಿಯ ಪ್ರಪ್ರಥಮ ವೈದ್ಯೆ ಅವರೇ ಎಂದು ಅನೇಕರು ಬರೆದಿದ್ದಾರೆ. ಅದು ಸರಿಯಲ್ಲ, ಅವರಿಗೆ ಮೊದಲೇ ಕೆಲವರು ಸ್ತ್ರೀಯರು ಆ ಪದವಿ ಪಡೆದಿದ್ದರು.

ರೋಮ್ ವಿಶ್ವವಿದ್ಯಾಲಯದ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಅವರು ಹುಚ್ಚರ ಆಸ್ಪತ್ರೆಗಳಿಗೆ ಹೋಗಿಬರುತ್ತಿದ್ದರು. ಬುದ್ಧಿಮಾಂದ್ಯರೆಂದು ಗುರುತಿಸಲ್ಪಟ್ಟ ಮಕ್ಕಳನ್ನೂ ಅಂದು ಅಲ್ಲಿಯೇ ಕೂಡಿಹಾಕುತ್ತಿದ್ದರು. ಊಟವಾದ ಮೇಲೆ ಈ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ಮುಗಿಬೀಳುತ್ತಾರೆಂದು ಕಾವಲಿನಾಕೆ ಹೇಸಿಗೆಯಿಂದ ದೂರಿದಳಂತೆ. ಮಾಂಟೆಸ್ಸರಿಯವರು ಸುತ್ತಲೂ ನೋಡಿದರು. ಆ ಬರಿಯ ಕೋಣೆಯಲ್ಲಿ ಮಕ್ಕಳು ಮುಟ್ಟಿ ಹಿಡಿದು ಆಡಲು ಆ ಚೂರುಗಳನ್ನು ಬಿಟ್ಟರೆ ಬೇರೊಂದು ವಸ್ತುವೇ ಇರಲಿಲ್ಲ! ಇವರಿಗೆ ಬೇಕಾದುದು ಔಷಧಿಗಿಂತ ಹೆಚ್ಚಾಗಿ ಶಿಕ್ಷಣ ಎಂಬ ನಿಶ್ಚಯಕ್ಕೆ ಅವರು ಬಂದರು. ಇಟಾರ್ ಮತ್ತು ಸೆಗ್ವಿನ್ ಎಂಬ ಫ್ರೆಂಚ್ ವೈದ್ಯರು ಇಂಥ ಮಕ್ಕಳ ವಿಷಯವಾಗಿ ಬರೆದಿದ್ದ ಗ್ರಂಥಗಳನ್ನು ಇಟಾಲಿಯನ್ ಭಾಷೆಗೆ ತಿರುಗಿಸಿ, ಒಂದೊಂದು ಮಾತಿನ ಅರ್ಥವೂ ಮನಸ್ಸಿಗೆ ಇಳಿಯಲೆಂದು, ಆದಿಯಿಂದ ಅಂತ್ಯದವರೆಗೆ ಸ್ವಹಸ್ತದಿಂದ ನಕಲು ಮಾಡಿದರು. 1900ರಲ್ಲಿ ರೋಮಿನಲ್ಲಿ ತೆರೆದ ವಿಶೇಷ ಶಾಲೆಯೊಂದರ ಹೊಣೆಯನ್ನು ಹೊತ್ತು ಹಗಲೆಲ್ಲ ಮಕ್ಕಳೊಡನೆ ದುಡಿದರು.

ಆ ಮಕ್ಕಳಲ್ಲಿ ಕೆಲವರು ಓದುಬರಹ ಕಲಿತು, ಸಾಮಾನ್ಯ ಮಕ್ಕಳ ಜೊತೆಯಲ್ಲಿ ಸಾರ್ವಜನಿಕ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ನೋಡಿದವರು ಇದೊಂದು ಪವಾಡವೆಂದರು. ಮಾಂಟೆಸ್ಸರಿಯವರ ಚಿಂತೆ ಬೇರೆಯಾಗಿತ್ತು. ಇಷ್ಟೊಂದು ಕೊರತೆಯುಳ್ಳ ಮಕ್ಕಳು ಇವರ ಸಮಕ್ಕೆ ಬರಬಲ್ಲರಾದರೆ, ಆರೋಗ್ಯವಂತರಾದ ಮಕ್ಕಳನ್ನು ಅಷ್ಟು ಕೆಳಗೆ ತಡೆದು ನಿಲ್ಲಿಸಿರುವುದಾದರೂ ಏನು? ಎಲ್ಲರೂ ಅಂಕಪಟ್ಟಿಯನ್ನು ನೋಡಿ ಹಿಗ್ಗಿದಾಗ ಅವರು ಆ ಅಂಕವನ್ನೇ ಸಂದೇಹದಿಂದ ನೋಡಿದರು. ಅವರ ಬಾಳಿನ ದಿಕ್ಕು ತಿರುಗಿದ್ದು ಇಲ್ಲಿ ಎಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ಅವಕಾಶ 1907ರಲ್ಲಿ ಒದಗಿತು. ರೋಮಿನ ಸಾನ್ ಲೊರೆಂಜೊ ಕಡುಬಡವರ ವಠಾರ. ಗೃಹನಿರ್ಮಾಣ ಸಂಸ್ಥೆಯೊಂದು ಅಲ್ಲಿಯ ಹಳೆಯ ಮನೆಗಳನ್ನು ದುರಸ್ತು ಮಾಡಿ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿಯರು ಕೂಲಿಗೆ ಹೋದಾಗ ಚಿಕ್ಕ ಮಕ್ಕಳು ಹೊಸ ಗೋಡೆಗಳನ್ನು ಕೆಡಿಸುತ್ತಿದ್ದರು. ಸುಣ್ಣಬಣ್ಣದ ಖರ್ಚನ್ನು ಉಳಿಸುವುದಕ್ಕಾಗಿ ಆ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳಬೇಕೆಂದು ಮಾಂಟೆಸ್ಸರಿಯವರನ್ನು ಕೇಳಿಕೊಂಡರು. ಹೀಗೆ ಜನವರಿ 6ರಂದು ಮೂರರಿಂದ ಆರು ವರ್ಷದ ಸುಮಾರು ಐವತ್ತು ಮಕ್ಕಳೊಡನೆ ಮೊದಲನೆಯ ಮಕ್ಕಳ ಮನೆ ಆರಂಭವಾಯಿತು.

ಆಗ ಅವರು ಬಹುಮಾನಗಳ ವಿರೋಧಿಯಾಗಿರಲಿಲ್ಲ. ಒಳ್ಳೆಯ ಮಗುವಿಗೆ ಶಿಲುಬೆಯಾಕಾರದ ಪದಕವನ್ನು ತೊಡಿಸುವ, ತಪ್ಪು ಮಾಡಿದ ಮಗುವನ್ನು ಎಲ್ಲರ ನಡುವೆ ಕುರ್ಚಿಯಲ್ಲಿ ಸುಮ್ಮನೆ ಕೂರಿಸುವ ರೂಢಿ ಅಲ್ಲಿಯೂ ಇತ್ತು. ಒಂದು ದಿನ ಪದಕ ಧರಿಸಿದ್ದ ಮಗು ತನ್ನ ಕೆಲಸದ ಸಾಮಾನುಗಳನ್ನು ಹೊತ್ತು ಅತ್ತಿಂದಿತ್ತ ಓಡಾಡುತ್ತಿದ್ದಾಗ ಪದಕ ಕಳಚಿ ನೆಲಕ್ಕೆ ಬಿತ್ತು. ಶಿಕ್ಷೆಗೊಳಗಾಗಿ ಕುಳಿತಿದ್ದ ಮಗು ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ಬಿದ್ದ ಒಡವೆಯನ್ನು ಒಡೆಯನಿಗೆ ತೋರಿಸಿತು. ಒಡೆಯನಿಗೆ ಅದರ ಪರಿವೆಯೇ ಇಲ್ಲ. ಬೇಕಾದರೆ ನೀನೇ ತೊಟ್ಟುಕೋ ಎಂದು ತನ್ನ ಕೆಲಸಕ್ಕೆ ಹೊರಟುಹೋಯಿತು. ಕುರ್ಚಿಯ ಮೇಲಿನ ಮಗು ಪದಕವನ್ನು ತನ್ನ ಎದೆಗೆ ಸಿಕ್ಕಿಸಿಕೊಂಡು ಪರಮ ಸಂತೋಷದಿಂದ ಕುಳಿತುಬಿಟ್ಟಿತು. ಕೆಲಸವುಳ್ಳವನಿಗೆ ಪದಕ ಬೇಡವಾಗಿತ್ತು, ಕೆಲಸವಿಲ್ಲದವನಿಗೆ ಅದು ಸಾಕಾಗಿತ್ತು! ಇಂಥವನ್ನು ಮತ್ತೆ ಮತ್ತೆ ಕಂಡ ಮೇಲೆ ಮಾಂಟೆಸ್ಸರಿಯವರು ಬಹುಮಾನವನ್ನೂ ಶಿಕ್ಷೆಯನ್ನೂ ಕೈಬಿಟ್ಟರು.

ಅಂಕವಿಲ್ಲದಿದ್ದರೆ ಮಗುವಿಗೆ ತನ್ನ ತಪ್ಪು ತಿಳಿಯುವುದು ಹೇಗೆಂದು ನಮ್ಮ ವಿದ್ಯಾರ್ಥಿಗಳು ಕೇಳಬಹುದು. ಮಾಂಟೆಸ್ಸರಿಯವರು ಅದನ್ನು ಆಟಿಕೆಯಂಥ ಸಾಧನಗಳಿಗೇ ವಹಿಸಿದರು. ಒಂದು ಮರದ ದಿಮ್ಮಿಯಲ್ಲಿ ಹತ್ತು ಗುಳಿಗಳು. ಅವಕ್ಕೆ ಸರಿಹೊಂದುವ, ಒಂದಕ್ಕಿಂತ ಒಂದು ದಪ್ಪವಾದ ಹತ್ತು ಉರುಳೆಗಳು. ಸಣ್ಣ ಉರುಳೆಯನ್ನು ದೊಡ್ಡ ಗುಳಿಯಲ್ಲಿಟ್ಟರೆ ಕೊನೆಯಲ್ಲಿ ಒಂದು ಉರುಳೆ ಎಲ್ಲಿಯೂ ಹಿಡಿಸದೆ ಕೈಯಲ್ಲಿ ಉಳಿಯುತ್ತದೆ. ಉಪಾಧ್ಯಾಯಿನಿ ಗದರಬೇಕಾಗಿಲ್ಲ; ಪಕ್ಕದವನು ನಗಬೇಕಾಗಿಲ್ಲ. ಮಗು ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುತ್ತದೆ. ಸರಿಹೋದ ಮೇಲೂ ನಿಲ್ಲಿಸದೆ ಹತ್ತಾರು ಬಾರಿ ಅದನ್ನೇ ಮಾಡುತ್ತದೆ. ಉಪಾಧ್ಯಾಯಿನಿಯ ಕೆಲಸ ದೂರ ನಿಂತು ನೋಡುವುದು. ಯಾವ ಮಗು ಯಾವುದರಲ್ಲಿ ಎಷ್ಟು ಹೊತ್ತು ತೊಡಗಿತ್ತು ಎಂಬುದನ್ನು ಬರೆದಿಡುವುದು. ಅಂಕ ಹಾಕುವುದಕ್ಕಿಂತ ಇದು ಸುಲಭವೆಂದು ಯಾರೂ ತಿಳಿಯಬಾರದು. ನಲವತ್ತು ಉತ್ತರಪತ್ರಿಕೆಗಳನ್ನು ನಾವು ಒಂದೇ ರಾತ್ರಿ ತಿದ್ದಬಲ್ಲೆವು; ನಲವತ್ತು ಮಕ್ಕಳನ್ನು ಹಾಗೆ ನೋಡಲು ವರ್ಷವೂ ಸಾಲದು.

ಅದೇ ವರ್ಷದ ಡಿಸೆಂಬರಿನಲ್ಲಿ, ಬಿಸಿಲು ಕಾಯುತ್ತಿದ್ದ ಒಂದು ದಿನ, ಮಾಂಟೆಸ್ಸರಿಯವರು ಮಕ್ಕಳೊಡನೆ ಮಾಳಿಗೆಯ ಮೇಲಿದ್ದರು. ಐದು ವರ್ಷದ ಹುಡುಗನೊಬ್ಬನಿಗೆ ಸುಣ್ಣದ ಕಡ್ಡಿ ಕೊಟ್ಟು ಹೊಗೆಗೂಡಿನ ಚಿತ್ರ ಬರೆಯಲು ಹೇಳಿದರು. ಅವನು ಬರೆದ. ಬಳಿಕ, ಉಬ್ಬು ಅಕ್ಷರಗಳ ಮೇಲೆ ಬೆರಳಾಡಿಸಿ ಕಲಿತಿದ್ದುದನ್ನೆಲ್ಲ ಕೂಡಿಸಿಕೊಂಡು ಹಠಾತ್ತನೆ ಒಂದು ಪದವನ್ನು ಬರೆದು, ತನಗೆ ಬರೆಯಲು ಬಂತೆಂದು ಕೂಗಿ ಕುಣಿದಾಡಿದ. ಉಳಿದ ಮಕ್ಕಳೂ ನೆಲದ ತುಂಬ ಬರೆಯತೊಡಗಿದರು. ಅವರಲ್ಲಿ ಮೊದಲನೆಯವರಾರು, ಕೊನೆಯವರಾರು ಎಂದು ಯಾರೂ ಬರೆದಿಡಲಿಲ್ಲ.

ಕೀರ್ತಿ ಬಹುಬೇಗ ಹಬ್ಬಿತು. 1909ರಲ್ಲಿ ಅವರ ಗ್ರಂಥ ಹೊರಬಂದಿತು. 1913ರಲ್ಲಿ ಅಮೆರಿಕ ಅವರನ್ನು ಬರಮಾಡಿಕೊಂಡಿತು. ಒಂದು ಮಾತನ್ನು ಮಾತ್ರ ಮರೆಮಾಚದೆ ಹೇಳಬೇಕು. ಮಕ್ಕಳಿಗೆ ಪರೀಕ್ಷೆ ಬೇಡವೆಂದ ಮಾಂಟೆಸ್ಸರಿಯವರು ತಮ್ಮಲ್ಲಿ ತರಬೇತಿ ಪಡೆದ ಉಪಾಧ್ಯಾಯರಿಗೆ ಪರೀಕ್ಷೆ ಮಾಡಿಯೇ ಪ್ರಮಾಣಪತ್ರ ಕೊಡುತ್ತಿದ್ದರು. ಪರರ ಮಕ್ಕಳನ್ನು ಒಪ್ಪಿಸಿಕೊಳ್ಳುವವರನ್ನು ಒರೆಹಚ್ಚಿ ನೋಡುವುದು ಅವಶ್ಯವೆಂದು ಅವರು ಎಣಿಸಿರಬಹುದು. ನಮಗಂತೂ ಇದರಲ್ಲಿ ವಿರೋಧ ಕಾಣುವುದಿಲ್ಲ. ಹಾಗೆ ಕಾಣುವವರೂ ಇದ್ದಾರೆ.

ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಮೊದಮೊದಲು ಅವರ ಶಾಲೆಗಳಿಗೆ ಆಶ್ರಯವಿತ್ತನು. ಮಾಂಟೆಸ್ಸರಿಯವರು ಅವನ ಅಂಕೆಗೆ ಒಳಪಡದಿದ್ದಾಗ ಮನಸ್ತಾಪ ಹುಟ್ಟಿತು. 1934ರಲ್ಲಿ ಅವರು ಸ್ವದೇಶವನ್ನು ತೊರೆದರು. ಅಲ್ಲಿಯ ಮತ್ತು ಜರ್ಮನಿಯ ಮಾಂಟೆಸ್ಸರಿ ಶಾಲೆಗಳು ಮುಚ್ಚಿಹೋದವು. ಸ್ಪೇನಿನಲ್ಲಿ ಅಂತರ್ಯುದ್ಧ ಮೊದಲಾದಾಗ ಅಲ್ಲಿಂದಲೂ ಹೊರಟು ಹಾಲೆಂಡ್ ಸೇರಿದರು.

ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ 1939ರಲ್ಲಿ, ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಮಗ ಮಾರಿಯೊ ಅವರೊಡನೆ ಮದ್ರಾಸಿಗೆ ಬಂದಿಳಿದರು. ಅಡಯಾರಿನಲ್ಲಿ ತಾಳೆಗರಿಯ ಗುಡಿಸಿಲುಗಳನ್ನು ಕಟ್ಟಿ ತರಬೇತಿ ನಡೆಸಲಾಯಿತು. ಭಾರತದ ನಾನಾ ಭಾಗಗಳಿಂದ ಸುಮಾರು ಮುನ್ನೂರು ಮಂದಿ ಬಂದು ಸೇರಿದರು. ಮಾಂಟೆಸ್ಸರಿಯವರು ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಕೊಡುವರು, ಮಗ ಅದನ್ನು ಇಂಗ್ಲಿಷಿಗೆ ಅನುವಾದಿಸುವರು. ತಾಯ್ನುಡಿಯನ್ನು ಬಿಡದೆ ಪರಸ್ಥಳದಲ್ಲಿ ಪಾಠ ಹೇಳಿದ ಅವರನ್ನು ನೆನೆದಾಗ ಈ ಊರಿನಲ್ಲಿ ಕನ್ನಡ ಕಲಿಸುವ ನಮಗೆ ಒಂದಿಷ್ಟು ಧೈರ್ಯ ಬರುತ್ತದೆ.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದೊಡನೆ ಅವರು ಬ್ರಿಟಿಷ್ ಸರ್ಕಾರಕ್ಕೆ ಶತ್ರುರಾಷ್ಟ್ರದ ಪ್ರಜೆಯಾದರು. ಮಾರಿಯೊ ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಸೆರೆಯಿಟ್ಟರು. ತಾಯಿಯನ್ನು ಅಡಯಾರಿನ ಎಲ್ಲೆ ದಾಟದಂತೆ ನಿರ್ಬಂಧಿಸಿದರು. ಆಗಸ್ಟ್ 31ರಂದು, ಅವರಿಗೆ ಎಪ್ಪತ್ತು ತುಂಬಿದ ದಿನ, ವೈಸರಾಯರು ಮಗನನ್ನು ಬಿಡುಗಡೆ ಮಾಡಿ ಕಳುಹಿಸಿದರು. ಮುಂದೆ ಕೊಡೈಕೆನಾಲಿನ ತಂಪಿನಲ್ಲಿ ತಾಯಿಮಗ ಇಬ್ಬರೂ ಆರು ವರ್ಷ ಮೀರಿದ ಮಕ್ಕಳ ಶಿಕ್ಷಣವನ್ನು ಕುರಿತು ಪ್ರಯೋಗ ಮಾಡಿದರು. 1946ರಲ್ಲಿ ಯೂರೋಪಿಗೆ ಹೋದವರು ಮರುವರ್ಷ ಮತ್ತೆ ಭಾರತಕ್ಕೆ ಬಂದು 1949ರವರೆಗೆ ಇದ್ದರು.

1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ ಅವರು ತೀರಿಕೊಂಡರು. ಎಂಬತ್ತೊಂದು ವರ್ಷ ವಯಸ್ಸಾಗಿದ್ದರೂ ಆಫ್ರಿಕಕ್ಕೆ ಹೋಗಿ ಅಲ್ಲಿಯ ಉಪಾಧ್ಯಾಯರಿಗೆ ತರಬೇತಿ ಕೊಡುವ ಮಾತನ್ನು ಅವರು ಕೊನೆಯ ದಿನಗಳವರೆಗೂ ಆಡುತ್ತಿದ್ದರು. ದೇಹವನ್ನು ಇಟಲಿಗೆ ಒಯ್ಯಲಿಲ್ಲ. ಆ ಊರಿನ ಚರ್ಚಿನ ಸ್ಮಶಾನದಲ್ಲಿಯೇ ಸಮಾಧಿ ಮಾಡಿದರು.