ಡಾ. ಮಾರ್ಟಿನ್ ಲೂಥರ್ ಕಿಂಗರ ಕೊನೆಯ ವರ್ಷ

ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ಸಂಸ್ಥಾನದಲ್ಲಿ ಅಟ್ಲಾಂಟಾ ಎಂಬ ಪಟ್ಟಣವಿದೆ. 1929ನೆಯ ಇಸವಿ ಜನವರಿ 15ರಂದು ಅಲ್ಲಿನ ಕಪ್ಪು ಜನಾಂಗದ ಪಾದ್ರಿಯೊಬ್ಬರ ಮನೆಯಲ್ಲಿ ಒಂದು ಗಂಡುಮಗು ಜನಿಸಿತು. ಮೊದಲು ಇಟ್ಟ ಹೆಸರು ಮೈಕೇಲ್. ಮುಂದೆ ತಂದೆಯವರು ತಮ್ಮ ಹೆಸರನ್ನೂ ಮಗನ ಹೆಸರನ್ನೂ ಮಾರ್ಟಿನ್ ಲೂಥರ್ ಎಂದು ಬದಲಾಯಿಸಿದರು. 15ನೆಯ ವಯಸ್ಸಿನಲ್ಲಿಯೇ ಮೋರ್‌ಹೌಸ್ ಕಾಲೇಜನ್ನು ಸೇರಿದ ಈ ಬಾಲಕ, ತಂದೆಯಂತೆ ಪಾದ್ರಿಯಾಗಲು ನಿಶ್ಚಯಿಸಿ, 1955ರಲ್ಲಿ ಬೋಸ್ಟನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಯನ್ನು ಪಡೆದನು.

ಅದೇ ವರ್ಷದ ಡಿಸೆಂಬರಿನಲ್ಲಿ ಮಾಂಟ್‌ಗೊಮೆರಿ ನಗರದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಿಳಿಯನೊಬ್ಬನಿಗೆ ತನ್ನ ಆಸನವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆಕೆಯ ದಸ್ತಗಿರಿಯಾಯಿತು. ಕಪ್ಪು ಜನರೆಲ್ಲ ಬಸ್ಸುಗಳನ್ನು ಬಹಿಷ್ಕರಿಸಿದರು. 26 ವರ್ಷದ ತರುಣ ಪಾದ್ರಿ ಕಿಂಗರು ಮುಂದಾಳಾದರು. 381 ದಿನ ಜನ ಕಾಲ್ನಡಿಗೆಯಲ್ಲಿ ಕೆಲಸಕ್ಕೆ ಹೋದರು; ಕಡೆಗೆ ಗೆದ್ದರು. ಈ ಹೋರಾಟದ ಹಿಂದೆ ಗಾಂಧೀಜಿಯವರ ಪ್ರಭಾವವಿದ್ದುದು ಎಲ್ಲರಿಗೂ ತಿಳಿದ ಸಂಗತಿ. 1959ರಲ್ಲಿ ಕಿಂಗರು ಪತ್ನಿ ಕೊರೆಟ್ಟಾ ಅವರೊಡನೆ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳ ಕಾಲ ಸಂಚರಿಸಿದರು. ಆಗ ನಮ್ಮ ಬೆಂಗಳೂರಿಗೂ ಬಂದಿದ್ದರು.

1963ರ ವಾಷಿಂಗ್‌ಟನ್ ಯಾತ್ರೆ, 1964ರ ನೊಬೆಲ್ ಶಾಂತಿ ಪಾರಿತೋಷಕ, 1965ರ ಮತದಾನ ಹಕ್ಕಿನ ಶಾಸನ, ಇವನ್ನು ನಮ್ಮ ಪಠ್ಯಪುಸ್ತಕಗಳೂ ಹೇಳುತ್ತವೆ. ಅಲ್ಲಿಂದ ಮುಂದೆ ಅವು ಒಮ್ಮೆಗೇ 1968ರ ಗುಂಡೇಟಿಗೆ ಜಿಗಿದುಬಿಡುತ್ತವೆ. ನಡುವೆ ಬಿಟ್ಟುಹೋದ ಭಾಗವೇ ಅವರ ಬಾಳಿನ ಅತಿ ಕಠಿಣವಾದ ಭಾಗವೆಂದು ನನಗೆ ತೋರುತ್ತದೆ. ಅದನ್ನು ಬರೆಯುವುದಕ್ಕಾಗಿಯೇ ಈ ಲೇಖನ.

ಆ ಕಾಲಕ್ಕೆ ಅಮೆರಿಕವು ವಿಯೆಟ್ನಾಂ ಯುದ್ಧದಲ್ಲಿ ಕೊರಳವರೆಗೆ ಮುಳುಗಿತ್ತು. ಕಿಂಗರಿಗೆ ಆ ಯುದ್ಧ ಒಪ್ಪಿಗೆಯಿರಲಿಲ್ಲ. 1965ರಲ್ಲಿ ಒಂದೆರಡು ಸಲ ಹಾಗೆಂದು ಹೇಳಿಯೂ ಇದ್ದರು. ಆದರೆ ಕಪ್ಪು ಜನರ ಹಕ್ಕಿನ ಶಾಸನಗಳಿಗೆ ಅಂಕಿತ ಹಾಕಿದ ಅಧ್ಯಕ್ಷ ಜಾನ್ಸನ್ನರೇ ಯುದ್ಧವನ್ನೂ ನಡೆಸುತ್ತಿದ್ದರು. ಉಪಕಾರ ಮಾಡಿದವರನ್ನು ಎದುರು ಹಾಕಿಕೊಳ್ಳುವುದು ಹೇಗೆ? ಮಿತ್ರರು ಸುಮ್ಮನಿರುವಂತೆ ಬುದ್ಧಿ ಹೇಳಿದರು, ಅವರೂ ಬಹುಮಟ್ಟಿಗೆ ಸುಮ್ಮನಿದ್ದರು. 1967ರ ಜನವರಿಯಲ್ಲಿ ಪ್ರಯಾಣದ ಮಧ್ಯೆ ಊಟಕ್ಕೆ ಕುಳಿತಾಗ ರ‍್ಯಾಂಪಾರ್ಟ್ಸ್ ಎಂಬ ಮಾಸಪತ್ರಿಕೆ ಕೈಗೆ ಬಂದಿತು. ಅದರಲ್ಲಿ ನೇಪಾಮ್ ಬೆಂಕಿಯಿಂದ ಸುಟ್ಟ ವಿಯೆಟ್ನಾಂ ಮಕ್ಕಳ ಚಿತ್ರಗಳಿದ್ದವು. ಕಿಂಗರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರೆಂದು ಜೊತೆಯಲ್ಲಿದ್ದವರು ಹೇಳಿದ್ದಾರೆ.

ಮಾರ್ಚ್ 25ರಂದು ಷಿಕಾಗೋ ನಗರದಲ್ಲಿ ಅವರು ಮೊದಲ ಸಲ ಯುದ್ಧವಿರೋಧಿ ಮೆರವಣಿಗೆಯ ಮುಂದೆ ನಡೆದರು. ಬಂದವರು ಸುಮಾರು 5,000 ಜನ. ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಸುಮಾರು 3,000 ಶ್ರೋತೃಗಳ ಎದುರಿಗೆ ತಮ್ಮ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿದರು. ಬಡವರ ಏಳಿಗೆಗೆ ಮೀಸಲಾದ ಹಣ ಯುದ್ಧಕ್ಕೆ ಹರಿಯುತ್ತಿದೆಯೆಂದೂ, ಊರಿನಲ್ಲಿ ಒಂದೇ ಶಾಲೆಯಲ್ಲಿ ಕೂರಲಾಗದ ಕಪ್ಪು ಬಿಳಿಯ ಹುಡುಗರು ಪರದೇಶದಲ್ಲಿ ಒಟ್ಟಿಗೆ ಸಾಯುತ್ತಿದ್ದಾರೆಂದೂ ವಾದಿಸಿದರು.

ಪತ್ರಿಕೆಗಳು ಕೆರಳಿದವು. ವಾಷಿಂಗ್‌ಟನ್ ಪೋಸ್ಟ್ ಪತ್ರಿಕೆಯು ಕಿಂಗರು ತಮ್ಮ ಜನಕ್ಕೂ ದೇಶಕ್ಕೂ ಇದ್ದ ತಮ್ಮ ಪ್ರಯೋಜನವನ್ನು ತಾವೇ ಕಡಿಮೆ ಮಾಡಿಕೊಂಡರೆಂದು ಬರೆಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಎರಡು ಬೇರೆ ಪ್ರಶ್ನೆಗಳನ್ನು ಬೆರೆಸಿದ್ದು ತಪ್ಪೆಂದು ಸಂಪಾದಕೀಯದಲ್ಲಿ ತೀರ್ಪು ಕೊಟ್ಟಿತು. ಕಪ್ಪು ಜನರದೇ ಪತ್ರಿಕೆಯಾದ ಪಿಟ್ಸ್‌ಬರ್ಗ್ ಕೊರಿಯರ್ ಕೂಡ ಟೀಕಿಸಿತು. ನಾಲ್ಕು ವರ್ಷದ ಹಿಂದೆ ಇದೇ ಮನುಷ್ಯನನ್ನು ಕೊಂಡಾಡಿದ ಪತ್ರಿಕೆಗಳೂ ಇವುಗಳಲ್ಲಿದ್ದವೆಂಬುದನ್ನು ವಾಚಕರು ಗಮನಿಸಬೇಕು.

ಹನ್ನೊಂದು ದಿನಗಳ ತರುವಾಯ, ಏಪ್ರಿಲ್ 15ರಂದು, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ವಿಶ್ವಸಂಸ್ಥೆಯ ಕಟ್ಟಡದವರೆಗೆ ಮಹಾ ಮೆರವಣಿಗೆ ಹೊರಟಿತು. ಮುಂದಿನ ಸಾಲಿನಲ್ಲಿ ಕಿಂಗರು, ಮಕ್ಕಳ ವೈದ್ಯರೆಂದು ಮನೆಮನೆಗೂ ಪರಿಚಿತರಾದ ಡಾ. ಸ್ಪಾಕ್, ಗಾಯಕ ಹ್ಯಾರಿ ಬೆಲಫಾಂಟೆ ಇದ್ದರು. ಅದೇ ದಿನ ಸಾನ್ ಫ್ರಾನ್ಸಿಸ್ಕೋ ನಗರದ ಸಭೆಯಲ್ಲಿ ಕೊರೆಟ್ಟಾ ಮಾತನಾಡಿದರು. ನ್ಯೂಯಾರ್ಕಿನಲ್ಲಿ ಬಂದ ಜನವೆಷ್ಟು? ಪೊಲೀಸರು 1 ಲಕ್ಷದಿಂದ 1,25,000 ಎಂದರು. ಸಂಘಟಕರ ಲೆಕ್ಕ 4 ಲಕ್ಷದವರೆಗೂ ಹೋಯಿತು. ಮರುದಿನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಲೆಬರಹದಲ್ಲಿ ನಿಂತ ಸಂಖ್ಯೆ 1 ಲಕ್ಷ. ಅಂದರೆ ಇದ್ದ ಲೆಕ್ಕಗಳಲ್ಲೆಲ್ಲ ಅತಿ ಚಿಕ್ಕದು. ಸೈನ್ಯಭರ್ತಿಯ ಕಾರ್ಡುಗಳನ್ನು ಸುಟ್ಟವರಿಗೂ, ಮೆರವಣಿಗೆಯ ಮೇಲೆ ಮೊಟ್ಟೆ ಎಸೆದವರಿಗೂ ವರದಿಯಲ್ಲಿ ಎದ್ದುಕಾಣುವ ಸ್ಥಳ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಓದಬಲ್ಲವರಲ್ಲಿ ನಾನೇ ಮೊದಲಿಗ. ಅಚ್ಚಿನಲ್ಲಿ ಬಂದ ಅಂಕಿಯೆಂದರೆ ಪಂಚಾಂಗದ ತಿಥಿಯಷ್ಟೇ ಖಚಿತವೆಂಬ ಭಾವನೆ ನಮ್ಮವರಲ್ಲಿದೆ. ಆದರೆ ನಮ್ಮೂರ ಜಾತ್ರೆಯನ್ನೇ ನೋಡಿ. ದೇವಸ್ಥಾನದವರು ಹೇಳುವ ಜನಸಂಖ್ಯೆ ಒಂದು, ಸಂಜೆ ಉಳಿದ ಪುರಿಯ ಮೂಟೆಯನ್ನು ನೋಡಿ ಕಡಲೆಪುರಿಯವನು ಹೇಳುವುದು ಇನ್ನೊಂದು. ಇಬ್ಬರೂ ಸುಳ್ಳುಗಾರರೆಂದು ನಾನು ಹೇಳಲಾರೆ. ಒಬ್ಬನೂ ತಲೆ ಎಣಿಸಿರುವುದಿಲ್ಲ, ಅಷ್ಟೆ.

ತಲೆ ಎಣಿಸುವ ಉಪಾಯವೊಂದನ್ನು ಅದೇ 1967ರಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಅಧ್ಯಾಪಕರು ಪ್ರಕಟಿಸಿದರು. ಅವರು ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನು ಕಲಿಸುತ್ತಿದ್ದರು. ಅವರ ಕಿಟಕಿಯ ಕೆಳಗಿನ ಅಂಗಳದಲ್ಲಿ ವಿದ್ಯಾರ್ಥಿಗಳು ಯುದ್ಧದ ವಿರುದ್ಧ ಸಭೆ ಸೇರುತ್ತಿದ್ದರು. ಅಂಗಳದ ನೆಲ ಚೌಕಚೌಕವಾಗಿತ್ತು. ಕೆಲವು ಚೌಕಗಳಲ್ಲಿ ನಿಂತವರನ್ನು ಎಣಿಸಿ, ಒಟ್ಟು ಚೌಕಗಳಿಂದ ಗುಣಿಸಿದರೆ ಸಭೆಯ ಲೆಕ್ಕ ದೊರೆಯಿತು. ವಿರಳವಾಗಿ ನಿಂತರೆ ಒಬ್ಬನಿಗೆ 10 ಚದರಡಿ, ಒತ್ತಾಗಿ ನಿಂತರೆ ನಾಲ್ಕೂವರೆ ಚದರಡಿ ಬೇಕೆಂದು ಅವರು ಕಂಡುಕೊಂಡರು. ಇದು ನಿಂತ ಸಭೆಗೆ ಸರಿ. ಮೆರವಣಿಗೆಗೆ ಸಾಲದು. ಅಲ್ಲಿ ಮುಂದಿನವರು ಮುಟ್ಟಿ ಮನೆಗೆ ಹೊರಟಾಗ ಹಿಂದಿನವರು ಇನ್ನೂ ಹೊರಟೇ ಇರುವುದಿಲ್ಲ. ಯಾವ ಗಳಿಗೆಯಲ್ಲಿ ನೋಡಿದರೂ ಒಂದು ಪಾಲು ಮಾತ್ರ ಕಣ್ಣಿಗೆ ಬೀಳುತ್ತದೆ. ಆದುದರಿಂದ ಪೊಲೀಸರ ಸಂಖ್ಯೆ ಕಡಿಮೆಯಾಗಿದ್ದಿರಬಹುದು. 4 ಲಕ್ಷವೆಂಬುದು ಉತ್ಸಾಹದ ಸಂಖ್ಯೆಯಾಗಿದ್ದಿರಲೂಬಹುದು.

ನನ್ನನ್ನು ಚಕಿತಗೊಳಿಸಿದ ಸಂಗತಿ ಬೇರೆ. 1963ರ ವಾಷಿಂಗ್‌ಟನ್ ಯಾತ್ರೆಯಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೆಂಬುದನ್ನು ಪೊಲೀಸರೂ ಸಂಘಟಕರೂ ಪತ್ರಿಕೆಗಳೂ ಹೆಚ್ಚುಕಡಿಮೆ ಒಪ್ಪಿದ್ದರು. ಆ ದಿನದ ಬೇಡಿಕೆಯನ್ನು ಸರ್ಕಾರವೂ ಅರ್ಧ ಒಪ್ಪಿತ್ತು. 1967ರಲ್ಲಿ ಬೇಡಿಕೆ ಸರ್ಕಾರದ ಎದೆಗೇ ನಾಟುವಂಥದು. ಆಗ ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ಪಟ್ಟು ಅಂತರ ಬಿದ್ದಿತು.

ಕಿಂಗರಾದರೋ ಸಂಖ್ಯೆಯನ್ನು ನಂಬಿ ಹೊರಟವರಲ್ಲ. ಹಾಗಿದ್ದರೆ ಷಿಕಾಗೋದ 5,000 ಜನರ ಮುಂದೆ ನಡೆಯುತ್ತಿರಲಿಲ್ಲ. ಶ್ವೇತಭವನದ ಬಾಗಿಲು ಅವರಿಗೆ ಮುಚ್ಚಿತು. ಕಪ್ಪು ಜನರ ಅತಿ ದೊಡ್ಡ ಸಂಘವೇ ಅವರ ನಿಲುವಿನ ವಿರುದ್ಧ ನಿರ್ಣಯ ಮಾಡಿತು. ಗುಪ್ತ ಪೊಲೀಸರು ಮೊದಲಿನಿಂದಲೂ ಬೆನ್ನು ಹತ್ತಿದ್ದರು. ಆದರೂ ಅವರು ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. 1968ರ ವಸಂತದಲ್ಲಿ ಮೆಂಫಿಸ್ ನಗರದ ಸುಮಾರು 1,300 ಜನ ಕಸ ಸಾಗಿಸುವ ಕಾರ್ಮಿಕರ ಮುಷ್ಕರಕ್ಕೆ ನೆರವಾಗಲು ಹೋದರು. ರಿವರ್‌ಸೈಡ್ ಭಾಷಣಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ಏಪ್ರಿಲ್ 4ರ ಸಂಜೆ, ತಂಗಿದ್ದ ಲೊರೇನ್ ಹೋಟೆಲಿನ ಮಹಡಿಯ ಪಡಸಾಲೆಯಲ್ಲಿ ನಿಂತಿದ್ದಾಗ ಗುಂಡು ತಗುಲಿತು. ಆಗ ಅವರ ವಯಸ್ಸು 39.

ಏಪ್ರಿಲ್ 9ರಂದು ಅಟ್ಲಾಂಟಾದಲ್ಲಿ ಅಂತ್ಯಯಾತ್ರೆ ನಡೆಯಿತು. ಎರಡು ಹೇಸರಗತ್ತೆಗಳನ್ನು ಹೂಡಿದ ಹಳೆಯ ರೈತಗಾಡಿಯ ಮೇಲೆ ಶವಪೆಟ್ಟಿಗೆಯನ್ನಿಟ್ಟು ಅವರು ಓದಿದ ಮೋರ್‌ಹೌಸ್ ಕಾಲೇಜಿನವರೆಗೆ ಕೊಂಡೊಯ್ದರು. ಹಿಂದೆ ನಡೆದವರು 50,000 ಎಂದು ಕೆಲವರು, ಲಕ್ಷಕ್ಕೂ ಮಿಗಿಲೆಂದು ಕೆಲವರು ಬರೆದರು. ವಿಯೆಟ್ನಾಂ ಯುದ್ಧ ಮುಗಿಯಲು 1975 ಬರಬೇಕಾಯಿತು.