ಬಡವನ ಹೊಲದ ವಿಜ್ಞಾನಿ

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂದರೆ ಹಲವರಿಗೆ ಕಡಲೆಕಾಯಿ ನೆನಪಾಗುತ್ತದೆ. ನನಗೆ ಅವರು ಇಷ್ಟವಾಗಿದ್ದು ಮಣ್ಣಿನ ಕೆಲಸದಿಂದ.

1860ರ ದಶಕದಲ್ಲಿ ಅಮೆರಿಕದ ಮಿಸೌರಿಯಲ್ಲಿ ಗುಲಾಮ ತಾಯಿಗೆ ಹುಟ್ಟಿದವರು. ಅರ್ಜಿ ಒಪ್ಪಿದ್ದ ಕಾಲೇಜೊಂದು ಅವರ ಕಪ್ಪು ಬಣ್ಣ ಕಂಡು ಬಾಗಿಲು ಮುಚ್ಚಿತು. ಛಲ ಬಿಡದೆ ಅಯೋವಾದಲ್ಲಿ ಕೃಷಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದರು.

1896ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಕರೆಯ ಮೇರೆಗೆ ಅಲಬಾಮಾದ ಟಸ್ಕೆಗೀ ಸಂಸ್ಥೆ ಸೇರಿದರು. ಅಲ್ಲಿ ವರ್ಷವರ್ಷವೂ ಹತ್ತಿಯನ್ನೇ ಬೆಳೆದು ಮಣ್ಣು ಬಡವಾಗಿತ್ತು. ಪಾಲಿಗೆ ಹೊಲ ಮಾಡುತ್ತಿದ್ದ ಕಪ್ಪು ರೈತರು ಸಾಲದಲ್ಲಿ ಮುಳುಗಿದ್ದರು; ಗೊಬ್ಬರ ಕೊಳ್ಳಲು ಕಾಸಿರಲಿಲ್ಲ. ಕಾರ್ವರ್ ಖರ್ಚಿಲ್ಲದ ದಾರಿ ತೋರಿಸಿದರು. ತರಗೆಲೆ, ಜೌಗಿನ ಕೆಸರು, ಕೊಟ್ಟಿಗೆ ಗೊಬ್ಬರ ಸೇರಿಸಿ ಕಾಂಪೋಸ್ಟ್. ಹತ್ತಿಯ ಜೊತೆ ಸರದಿಯಲ್ಲಿ ಅಲಸಂದೆ, ಕಡಲೆಕಾಯಿ. ಈ ಬೆಳೆಗಳ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಕಾಳು ಮನೆಮಂದಿಯ ಹೊಟ್ಟೆ ತುಂಬಿಸುತ್ತದೆ. ಇದನ್ನೆಲ್ಲ ಸರಳ ಕಿರುಪುಸ್ತಕಗಳಲ್ಲಿ ಬರೆದರು. 1906ರಲ್ಲಿ ಅವರ ಪಾಠ ಸಂಚಾರಿ ಗಾಡಿ ಏರಿ ರೈತರ ಹೊಲಕ್ಕೇ ಹೊರಟಿತು.

1943ರಲ್ಲಿ ತೀರಿಕೊಳ್ಳುವವರೆಗೂ ಟಸ್ಕೆಗೀಯಲ್ಲೇ ಉಳಿದರು. ಉಳಿತಾಯವನ್ನೂ ಅಲ್ಲಿನ ಸಂಶೋಧನೆಗೆ ಬಿಟ್ಟುಹೋದರು. ಪ್ರಾಜೆಕ್ಟಿಗೆ ವಿಷಯ ಹುಡುಕುವ ನಮ್ಮಂಥ ಬಿಇ ವಿದ್ಯಾರ್ಥಿಗಳು ಅವರಿಂದ ಕಲಿಯಬೇಕಾದದ್ದು ಇಷ್ಟೇ: ಬಳಸುವವರ ಕೈಯಲ್ಲಿ ಏನಿದೆ ಎಂದು ಮೊದಲು ನೋಡಿ, ಅಲ್ಲಿಂದ ಕೆಲಸ ಶುರುಮಾಡುವುದು.