ಶ್ರೀರಂಗರನ್ನು ಮರೆತರೆ ನಷ್ಟ ಯಾರಿಗೆ?

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಓದುತ್ತಿದ್ದ ಕಾಲೇಜಿನ ವಾರ್ಷಿಕೋತ್ಸವಕ್ಕೆ 'ಕೇಳು ಜನಮೇಜಯ' ನಾಟಕ ಗೊತ್ತಾದಾಗ, ಹೆಸರು ಕೇಳಿ ಪೌರಾಣಿಕವೆಂದು ಭಾವಿಸಿ ಬಾಡಿಗೆ ಕಿರೀಟ, ಗದೆಗಳಿಗೆ ಮುಂಗಡ ಕೊಟ್ಟು ಬಂದವನು ನಾನು. ಪುಸ್ತಕ ಕೈಸೇರಿದ ಮೇಲೆ ಕಿರೀಟಗಳ ಅಗತ್ಯ ಬೀಳಲಿಲ್ಲ. ಅದರಲ್ಲಿ ಇದ್ದವರು ನಮ್ಮ ಕಾಲದ, ನಮ್ಮಂಥದೇ ಜನ. ಶ್ರೀರಂಗರ ಪರಿಚಯ ನನಗಾದದ್ದು ಹೀಗೆ, ಒಂದು ಮೂರ್ಖತನದ ಮೂಲಕ.

ಆದ್ಯ ರಂಗಾಚಾರ್ಯರು ಹುಟ್ಟಿದ್ದು 1904ರ ಸೆಪ್ಟೆಂಬರ್ 26ರಂದು, ಅಂದಿನ ಬಿಜಾಪುರ ಜಿಲ್ಲೆಯ ಅಗರಖೇಡದಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕಲಿತು, ಉನ್ನತ ವ್ಯಾಸಂಗಕ್ಕೆ ಲಂಡನ್ನಿಗೆ ಹೋಗಿ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. ಸಂಪ್ರದಾಯಸ್ಥ ಮನೆತನ, ಸಂಸ್ಕೃತ ಪಾಂಡಿತ್ಯ, ವಿಲಾಯತಿಯ ಪದವಿ: ಗೌರವದ ಬದುಕಿಗೆ ಇಷ್ಟು ಸಾಕಿತ್ತು. ಆದರೆ ಅವರು ಆ ಗೌರವವನ್ನೇ ಪ್ರಶ್ನಿಸುವ ನಾಟಕಗಳನ್ನು ಬರೆಯತೊಡಗಿದರು.

ಅದು ವೃತ್ತಿ ಕಂಪನಿಗಳ ವೈಭವದ ಕಾಲ. ಸಂಗೀತ, ಸೀನರಿ, ಪೌರಾಣಿಕ ಕಥೆಗಳಿಗೆ ಜನ ಮುಗಿಬೀಳುತ್ತಿದ್ದರು. ಬೆಂಗಳೂರಿನಲ್ಲಿ ಕೈಲಾಸಂ ಮಧ್ಯಮವರ್ಗದ ಮನೆಯ ಪಡಸಾಲೆಯನ್ನು ರಂಗಕ್ಕೆ ತಂದರೆ, ಉತ್ತರ ಕರ್ನಾಟಕದಲ್ಲಿ ಆ ಕೆಲಸವನ್ನು ಶ್ರೀರಂಗರು ಹವ್ಯಾಸಿಗಳನ್ನು ಕಟ್ಟಿಕೊಂಡು ಮಾಡಿದರು. ಕೈಲಾಸಂ ನಗಿಸುತ್ತಲೇ ಕಣ್ಣು ತೇವಗೊಳಿಸುತ್ತಿದ್ದರು; ಶ್ರೀರಂಗರ ನಗೆಗೆ ಮೊನೆಯಿತ್ತು. ಮೂವತ್ತರ ದಶಕದಲ್ಲಿಯೇ 'ಹರಿಜನ್ವಾರ' ಅಸ್ಪೃಶ್ಯತೆಯನ್ನು ಕೆಣಕಿತು. ಸ್ವಾತಂತ್ರ್ಯಾನಂತರದ 'ಶೋಕಚಕ್ರ'ದ ಹೆಸರೇ ರಾಷ್ಟ್ರಧ್ವಜದ ನಡುವಣ ಚಕ್ರವನ್ನು ನೋಡಿ ಹಾಕಿದ ನಿಟ್ಟುಸಿರು.

ಕಾದಂಬರಿಕಾರರಾಗಿಯೂ ಅವರು ಸುಮ್ಮನೆ ಕಥೆ ಹೇಳಿದವರಲ್ಲ. 1934ರ 'ವಿಶ್ವಾಮಿತ್ರನ ಸೃಷ್ಟಿ' ಕಥನತಂತ್ರದಲ್ಲಿ ಹೊಸ ಪ್ರಯೋಗ. 'ಅನಾದಿ ಅನಂತ' ಗಂಡು-ಹೆಣ್ಣಿನ ಸಂಬಂಧವನ್ನು ಮನಸ್ಸಿನ ಒಳಗಿನಿಂದ ಬಗೆದು ನೋಡಿತು. 40ಕ್ಕೂ ಹೆಚ್ಚು ನಾಟಕ, ಅದಕ್ಕಿಂತ ಹೆಚ್ಚು ಏಕಾಂಕ, ಜೊತೆಗೆ ಕಾದಂಬರಿ, ಪ್ರಬಂಧ, ರಂಗಚಿಂತನೆ ಅವರ ಲೇಖನಿಯಿಂದ ಹೊರಬಂದವು. 'ಕೇಳು ಜನಮೇಜಯ' ಹಿಂದಿಯಲ್ಲಿ 'ಸುನೋ ಜನಮೇಜಯ'ವಾಗಿ ದೆಹಲಿಯ ರಂಗವನ್ನೇರಿತು. 1956ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಒಂದು ವಿಪರ್ಯಾಸವನ್ನು ಮಾತ್ರ ಮರೆಯಲಾರೆ. 1971ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ನಾಟಕಕಾರನಿಗೆ ದೊರೆತದ್ದು ನಾಟಕಕ್ಕಲ್ಲ, ಕಾದಂಬರಿಗೂ ಅಲ್ಲ. 'ಕಾಳಿದಾಸ' ಎಂಬ ವಿಮರ್ಶಾಕೃತಿಗೆ. ಮರುವರ್ಷ ಪದ್ಮಭೂಷಣವೂ ಬಂತು. ಪಂಡಿತನನ್ನು ಮನ್ನಿಸುವುದು ಸಮಾಜಕ್ಕೆ ಸುಲಭ, ತನ್ನನ್ನು ಅಣಕಿಸುವವನನ್ನು ಮನ್ನಿಸುವುದು ಕಷ್ಟ. ಆದರೆ ಅವರಲ್ಲಿ ಇಬ್ಬರೂ ಒಬ್ಬರೇ ಆಗಿದ್ದರು. 1984ರ ಅಕ್ಟೋಬರ್ 17ರಂದು ಅವರು ತೀರಿಕೊಂಡ ಮೇಲೆ ಅವರ ನಾಟ್ಯಶಾಸ್ತ್ರದ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಮಗಳು ಶಶಿ ದೇಶಪಾಂಡೆ ಇಂಗ್ಲಿಷ್ ಕಾದಂಬರಿಕಾರ್ತಿಯಾಗಿ ಹೆಸರಾದರು.

ಅವರ ನಾಟಕಗಳಲ್ಲಿ ಕ್ರಿಯೆಗಿಂತ ಮಾತು ಹೆಚ್ಚೆಂಬ ಆಕ್ಷೇಪ ಹಳೆಯದು. ಅದರಲ್ಲಿ ಸತ್ಯವಿಲ್ಲದಿಲ್ಲ. ಮುಂದಿನ ಪೀಳಿಗೆಯ ಕಾರ್ನಾಡ, ಕಂಬಾರರ ರಂಗವೈಭವದೆದುರು ಅವು ಮಂಕಾಗಿ ಕಂಡಿರಲೂಬಹುದು. ಆದರೆ ಓದು ಬಲ್ಲ, ಸಂಬಳ ಪಡೆಯುವ, ಮಾತಿನಲ್ಲಿ ಪ್ರಗತಿಪರವಾಗಿದ್ದು ಮನೆಯೊಳಗೆ ಬೇರೆಯೇ ಆಗಿರುವ ವರ್ಗವನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ. ಆ ವರ್ಗ ನಮ್ಮದೇ ಆದುದರಿಂದ ಅವರನ್ನು ಮರೆಯುವುದು ನಮಗೆ ಅನುಕೂಲಕರವೂ ಹೌದು.

ಅಂದು ನಮ್ಮ ಪ್ರಯೋಗ ಮುಗಿದಾಗ, ಎರಡನೆಯ ಸಾಲಿನಲ್ಲಿದ್ದ ನನ್ನ ತಂದೆ ಚಪ್ಪಾಳೆ ತಟ್ಟಲಿಲ್ಲ. ಮನೆ ತಲುಪುವವರೆಗೂ ಅವರು ಮಾತಾಡಲಿಲ್ಲ. ನಾಟಕ ಕೆಟ್ಟಿತೆಂದೇ ಬಹುಕಾಲ ನಂಬಿದ್ದೆ. ಅವರ ವಯಸ್ಸಿಗೆ ಬಂದು ಆ ಪುಸ್ತಕವನ್ನು ಮತ್ತೆ ತೆರೆದಾಗ ಆ ಮೌನದ ಅರ್ಥ ಹೊಳೆಯಿತು.